ಸೂಜಿಗೆ ಬಗ್ಗದ ನ್ಯುಮೋನಿಯಾ

ಥಂಡಿಗಾಳಿ ಬಿಟ್ಟಿತೆಂದರೆ ಜತ್ತ, ಮಾಡಗ್ಯಾಳ ಕಡೆಯ ದೊಡ್ಡಿಗಳಲ್ಲಿ ಕೆಮ್ಮು ಕೇಳಿಸತೊಡಗುತ್ತದೆ. ಆಡು ಮೇವು ಬಿಡುತ್ತದೆ, ಮೂಗಿನಲ್ಲಿ ಸಿಂಬಳ ಇಳಿಯುತ್ತದೆ, ಪಕ್ಕೆ ಎಳೆದು ಉಸಿರಾಡುತ್ತದೆ. ಪಶುವೈದ್ಯರು ಸೂಜಿ ಹಾಕುತ್ತಾರೆ. ಸಾಧಾರಣ ನ್ಯುಮೋನಿಯಾ ಆದರೆ ಎರಡು ಮೂರು ದಿನಗಳಲ್ಲಿ ಜ್ವರ ಇಳಿದು ಆಡು ಮೇವಿಗೆ ಬಾಯಿ ಹಾಕಬೇಕು. ಹಾಗಾಗದಿದ್ದಾಗ ಅದೇ ಸೂಜಿಯನ್ನು ಮತ್ತೆ ಮತ್ತೆ ಹಾಕಿಸುವುದರಲ್ಲಿ ಅರ್ಥವಿಲ್ಲ.

ಮೊದಲು, ಔಷಧ ಪೂರ್ತಿಯಾಯಿತೇ ಎಂದು ನೋಡಬೇಕು. ವೈದ್ಯರು ಐದು ದಿನ ಹೇಳಿದ್ದನ್ನು ಎರಡೇ ದಿನಕ್ಕೆ ನಿಲ್ಲಿಸಿದರೆ ಅಡಗಿದ ರೋಗ ಮತ್ತೆ ಏಳುತ್ತದೆ. ಪೂರ್ತಿಯಾಗಿಯೂ ಗುಣವಿಲ್ಲದಿದ್ದರೆ ರೋಗವೇ ಬೇರೆಯಿರಬಹುದು.

ಜ್ವರ 105–106 ಡಿಗ್ರಿಗೆ ಏರಿ ಆಡುಗಳು ಒಂದರ ಹಿಂದೊಂದು ಮಲಗುತ್ತಿದ್ದು, ಜೊತೆಗಿನ ಕುರಿಗಳು ಆರಾಮವಾಗಿದ್ದರೆ, ಆಡುಗಳ ಅಂಟು ನ್ಯುಮೋನಿಯಾದ ಸಂಶಯ ಪಡಬೇಕು. ಇದರ ರೋಗಾಣು ಮೈಕೋಪ್ಲಾಸ್ಮಾ. ಪೆನಿಸಿಲಿನ್ ಕೆಲಸ ಮಾಡುವುದು ರೋಗಾಣುವಿನ ಹೊರಗೋಡೆಯ ಮೇಲೆ. ಮೈಕೋಪ್ಲಾಸ್ಮಾಕ್ಕೆ ಆ ಗೋಡೆಯೇ ಇಲ್ಲ. ಗೋಡೆಯಿಲ್ಲದಲ್ಲಿ ಕನ್ನ ಕೊರೆದಂತಾಗುತ್ತದೆ. ಆಕ್ಸಿಟೆಟ್ರಾಸೈಕ್ಲಿನ್, ಟೈಲೋಸಿನ್ ಇದಕ್ಕೆ ತಾಗುತ್ತವೆ. ಅವೂ ಬೇಗ ಬಿದ್ದರೆ ಮಾತ್ರ.

ಬಾಯಲ್ಲಿ ಹುಣ್ಣು, ಕಣ್ಣಲ್ಲಿ ಪಿಸುರು, ಭೇದಿ ಇವು ಕೂಡಿ ಬಂದರೆ ಅದು ಹಿರೇಬೇನೆ, ಅಂದರೆ ಪಿ.ಪಿ.ಆರ್. ಇರಬಹುದು. ನಮ್ಮ ದೇಶದಲ್ಲಿ ಇದು ಮೊದಲು ಗುರುತಾದದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಇದರ ವೈರಸ್ಸನ್ನು ಕೊಲ್ಲುವ ಸೂಜಿಯಿಲ್ಲ. ಅದರ ಬೆನ್ನುಹತ್ತಿ ಬರುವ ಸೋಂಕಿಗಷ್ಟೇ ಔಷಧ. ಮೊದಲೇ ಲಸಿಕೆ ಹಾಕಿಸಿದವರ ಹಿಂಡು ಉಳಿಯುತ್ತದೆ.

ಹಸಿ ಹುಲ್ಲು ಮೇದು, ಜ್ವರವಿಲ್ಲದೆ ವಾರಗಟ್ಟಲೆ ಕೆಮ್ಮಿ ಸೊರಗುವ ಕುರಿಗೆ ಪುಪ್ಪುಸದ ಜಂತು ಇರಬಹುದು. ಹಿಕ್ಕೆ ಪರೀಕ್ಷೆ ಮಾಡಿಸಿರಿ.

ಇನ್ನು ಗೊಟ್ಟದ ಮಾತು. ತಲೆ ಮೇಲೆತ್ತಿ ಎಣ್ಣೆ ಸುರಿದರೆ ಅದು ಶ್ವಾಸನಾಳಕ್ಕಿಳಿದು ಆ ಒಂದೇ ಪ್ರಾಣಿಗೆ ನ್ಯುಮೋನಿಯಾ ತರುತ್ತದೆ. ಇಳಿದ ಎಣ್ಣೆಯನ್ನು ಯಾವ ಸೂಜಿಯೂ ಹೊರತೆಗೆಯಲಾರದು. ಕೆಮ್ಮುವ ಆಡಿಗೆ ಎಣ್ಣೆ ಕುಡಿಸಬೇಡಿರೆಂದು ಶಾಲೆಯ ಮಕ್ಕಳ ಕೈಯಲ್ಲೂ ಮನೆಗೆ ಹೇಳಿ ಕಳಿಸುತ್ತೇವೆ. ಅಜ್ಜಂದಿರು ಒಪ್ಪುವುದು ಕಷ್ಟ.

ಗುಣ ಕಾಣದ ಪ್ರಾಣಿಯನ್ನು ಗಾಳಿಯಾಡುವ, ಆದರೆ ಥಂಡಿ ಬಡಿಯದ ಜಾಗದಲ್ಲಿ ಬೇರೆ ಕಟ್ಟಬೇಕು. ಮುಂಜಾನೆ ಸಂಜೆ ಜ್ವರ ನೋಡಿ ಬರೆದಿಡಿರಿ. 102–103 ಡಿಗ್ರಿ ಸಹಜ, ಬಿಸಿಲಲ್ಲಿ ತುಸು ಏರುತ್ತದೆ. ಅಂಗಡಿಯಲ್ಲಿ ಕೇಳಿ ಔಷಧ ಬದಲಿಸದೆ, ಹಾಕಿದ ಔಷಧದ ಶೀಸೆಯನ್ನೇ ವೈದ್ಯರಿಗೆ ತೋರಿಸಿರಿ. ಸಂತೆಗಂತೂ ಅದನ್ನು ಹೊಡೆಯಬಾರದು. ಸತ್ತರೆ ಹೂಳುವ ಮೊದಲೇ ವೈದ್ಯರಿಗೆ ತಿಳಿಸಿರಿ: ಕೊಯ್ದು ಪುಪ್ಪುಸ ನೋಡಿದರೆ, ಉಳಿದವಕ್ಕೆ ಯಾವ ಔಷಧ ಬೇಕೆಂಬುದು ಬಹುಮಟ್ಟಿಗೆ ಅಲ್ಲೇ ತಿಳಿಯುತ್ತದೆ.