ಹೆಸರೂ ಗುಣವೂ: ಗಣಕಯಂತ್ರದ ಕೊಠಡಿಯ ಒಂದು ಪಾಠ

ತಮ್ಮ ಹೆಣ್ಣುಮಕ್ಕಳು ಗಣಕಯಂತ್ರದ ಕೊಠಡಿಯಲ್ಲಿ ಏನನ್ನು ಕಲಿಯುತ್ತಾರೆಂದು ಪೋಷಕರು ನನ್ನನ್ನು ಕೇಳುವುದುಂಟು. ಹಳೆಯ ವಿದ್ಯಾರ್ಥಿನಿಯರಿಗೂ ಆ ಕುತೂಹಲ ಸಹಜವೇ. ಆದಕಾರಣ ಅಲ್ಲಿಯ ಒಂದು ಪಾಠವನ್ನು ಇಲ್ಲಿ ವಿವರಿಸುತ್ತೇನೆ.

ಆ್ಯಪ್ ಇನ್ವೆಂಟರ್ ಎಂಬುದು ಮೊಬೈಲಿನ ಆ್ಯಪ್‌ಗಳನ್ನು ಕಟ್ಟುವ ಸಾಧನ. ಇದು 2010ರಲ್ಲಿ ಗೂಗಲ್ ಸಂಸ್ಥೆಯಿಂದ ಹೊರಬಂದು, 2012ರಿಂದ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಪಾಲನೆಯಲ್ಲಿದೆ. ಗುಂಡಿ, ಫಲಕ, ಬರೆಯುವ ಚೌಕ ಮೊದಲಾದ ಅವಯವಗಳನ್ನು ಎಳೆದು ತೆರೆಯ ಮೇಲಿಟ್ಟು, ಆಜ್ಞೆಗಳನ್ನು ಬಣ್ಣದ ಬ್ಲಾಕುಗಳಿಂದ ಜೋಡಿಸತಕ್ಕದ್ದು. ಯಾವುದಾದರೊಂದು ಅವಯವವನ್ನು ಆರಿಸಿದೊಡನೆ ಬಲಗಡೆಯಲ್ಲಿ ಅದರ ಗುಣಗಳ ಪಟ್ಟಿಯು ಕಾಣುವುದು. ಅದಕ್ಕೆ ಪ್ರಾಪರ್ಟೀಸ್ ಎಂದು ಹೆಸರು.

ವ್ಯಾಕರಣದಲ್ಲಿ ವಸ್ತುವಾಚಕವೂ ಗುಣವಾಚಕವೂ ಬೇರೆಯಷ್ಟೆ? ಇಲ್ಲಿಯೂ ಹಾಗೆಯೇ. ಅವಯವದ ಹೆಸರು ಒಂದು, ಅದರ ಮೇಲೆ ಕಾಣುವ ಬರಹ ಇನ್ನೊಂದು. ಈ ಭೇದವನ್ನು ಅರಿಯದಿದ್ದರೆ ಏನಾಗುವುದೆಂಬುದಕ್ಕೆ ಒಂದು ದೃಷ್ಟಾಂತವನ್ನು ಹೇಳುತ್ತೇನೆ.

ಮೈಸೂರು ಸಕ್ಕರೆ ಕಂಪನಿಯು 1933ರಲ್ಲಿ ಮಂಡ್ಯದಲ್ಲಿ ಸ್ಥಾಪಿತವಾಯಿತು. ಕಬ್ಬಿನ ತೂಕವೂ ದರವೂ ನಮ್ಮ ಸೀಮೆಯಲ್ಲಿ ಮನೆಮಾತು. ಮಳವಳ್ಳಿಯ ಕಡೆಯ ಒಬ್ಬ ಹುಡುಗಿಯು ತನ್ನ ತಂದೆಗಾಗಿ ಕಬ್ಬಿನ ಲೆಕ್ಕದ ಆ್ಯಪ್ ಒಂದನ್ನು ಮಾಡಿದಳು. ತೂಕಕ್ಕೆ, ದರಕ್ಕೆ, ಪಡೆದ ಮುಂಗಡಕ್ಕೆ ಮೂರು ಚೌಕಗಳು. ಕೆಳಗೆ ಒಂದು ಗುಂಡಿ. ಗುಂಡಿಯ ಟೆಕ್ಸ್ಟ್ ಎಂಬ ಗುಣದಲ್ಲಿ "ಲೆಕ್ಕ ಹಾಕು" ಎಂದು ಅಂದವಾಗಿ ಬರೆದಳು. ಚೌಕಗಳಿಗೆ ಮಾತ್ರ ಯಂತ್ರವೇ ಇಟ್ಟ ಟೆಕ್ಸ್ಟ್‌ಬಾಕ್ಸ್1, 2, 3 ಎಂಬ ಹೆಸರುಗಳೇ ಉಳಿದವು.

ಬ್ಲಾಕುಗಳನ್ನು ಜೋಡಿಸುವಾಗ ಎರಡನೆಯದೂ ಮೂರನೆಯದೂ ಅದಲುಬದಲಾದವು. ತಂದೆಯು ತೂಕ 4.5 ಟನ್, ದರ 3000, ಮುಂಗಡ 2000 ಎಂದು ತುಂಬಿದರೆ, 11,500 ರೂಪಾಯಿ ಬರಬೇಕಾದಲ್ಲಿ 6,000 ಎಂದು ಬಂದಿತು. "ಮಗಳೇ, ನಿನ್ನ ಯಂತ್ರವೂ ನನಗೆ ಮೋಸಮಾಡುತ್ತದೆಯೆ?" ಎಂದರಂತೆ. ಹುಡುಗಿಯು ಮರುದಿನ ಕಣ್ಣೀರಿಡುತ್ತಾ ಬಂದಳು.

ಯಂತ್ರವು ಮೋಸಮಾಡಿರಲಿಲ್ಲ, ಹೇಳಿದಂತೆಯೇ ಮಾಡಿತ್ತು. ರೀನೇಮ್ ಎಂಬುದನ್ನು ಒತ್ತಿ, ಮೂರು ಚೌಕಗಳಿಗೂ ತೂಕ, ದರ, ಮುಂಗಡ ಎಂಬ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿಸಿದೆ. ಬ್ಲಾಕುಗಳಲ್ಲಿಯೂ ಹೆಸರು ತಾನಾಗಿ ಬದಲಾಯಿತು. ತಪ್ಪನ್ನು ನಾನು ತೋರಿಸಬೇಕಾಗಲಿಲ್ಲ, ಅವಳೇ ಕಂಡಳು.

ಅನಂತರ ಗುಣಗಳನ್ನು ತಿದ್ದಿದೆವು. ಅಕ್ಷರದ ಗಾತ್ರವು ಮೊದಲಿಗೆ 14 ಇರುವುದು. ತಂದೆಯ ಕಣ್ಣಿಗೆಂದು ಅದನ್ನು 24 ಮಾಡಿದಳು. ನಂಬರ್ಸ್ ಓನ್ಲಿ ಎಂಬ ಗುಣವನ್ನು ಆರಿಸಿದುದರಿಂದ ಚೌಕದಲ್ಲಿ ಅಂಕಿಗಳನ್ನು ಮಾತ್ರ ಒತ್ತಲು ಸಾಧ್ಯವಾಯಿತು. ಹಿಂಟ್ ಎಂಬುದರಲ್ಲಿ "ತೂಕ, ಟನ್ನಿನಲ್ಲಿ" ಎಂದು ಬರೆದಳು. ಆದರೆ ಅಂಕಿಯನ್ನು ಬರೆದೊಡನೆ ಹಿಂಟ್ ಮರೆಯಾಗುವುದು. ಆದುದರಿಂದ ಪಕ್ಕದಲ್ಲಿ ಒಂದು ಫಲಕವನ್ನೂ ಇಟ್ಟು ಅದನ್ನೇ ಬರೆಯತಕ್ಕದ್ದು. ಕಿಲೋಗ್ರಾಮಿನಲ್ಲಿ 4500 ಎಂದು ತುಂಬಿದರೆ ಲೆಕ್ಕವು ಸಾವಿರ ಪಟ್ಟು ಕೆಡುವುದಲ್ಲವೆ?

ಇನ್ನೊಂದು ಮಾತನ್ನು ನೆನಪಿಡಬೇಕು. ಪಟ್ಟಿಯಲ್ಲಿ ನಾವು ಬರೆಯುವುದು ಆರಂಭದ ಬೆಲೆ ಮಾತ್ರ. ಆ್ಯಪ್ ನಡೆಯುತ್ತಿರುವಾಗ ಬ್ಲಾಕುಗಳು ಅದನ್ನು ಬದಲಿಸಬಲ್ಲವು. ಉತ್ತರದ ಫಲಕವು ಮೊದಲು ಬರಿದಾಗಿದ್ದು, ಗುಂಡಿಯನ್ನು ಒತ್ತಿದ ಮೇಲೆ ಮೊತ್ತವನ್ನು ತೋರಿಸುವುದು ಹೀಗೆಯೇ. ಆ್ಯಪನ್ನು ಮುಚ್ಚಿ ತೆರೆದರೆ ಪುನಃ ಆರಂಭದ ಬೆಲೆಯೇ ಬರುವುದು. ಉಳಿಯಬೇಕಾದರೆ ಟೈನಿ ಡಿಬಿ ಎಂಬ ಅವಯವದಲ್ಲಿ ಕೂಡಿಡಬೇಕು.

ಹುಡುಗಿಯು ಆ್ಯಪನ್ನು ಮನೆಗೆ ಕೊಂಡೊಯ್ದಳು. ತಂದೆಯು ತಮ್ಮ ಹಳೆಯ ಚೀಟಿಗಳನ್ನೆಲ್ಲ ತೆಗೆದು, ಒಂದೊಂದಾಗಿ ತಾಳೆನೋಡಿ, ಕೊನೆಗೆ "ಸರಿಯಿದೆ" ಎಂದರಂತೆ. ಪೋಷಕರೇ, ನಿಮ್ಮ ಮಕ್ಕಳು ಮಾಡಿದುದನ್ನು ನೀವೂ ಹೀಗೆಯೇ ಪರೀಕ್ಷಿಸಿರಿ. ಮೆಚ್ಚಿ ಸುಮ್ಮನಾಗುವುದಕ್ಕಿಂತ ತಾಳೆನೋಡುವುದೇ ಅವರಿಗೆ ದೊಡ್ಡ ಉಪಕಾರ.