ಕೊಕ್ಕೆಹುಳು: ಮಣ್ಣಿನಿಂದ ರಕ್ತದವರೆಗೆ

ತರಗತಿ: 8. ವಿಷಯ: ಜೀವವಿಜ್ಞಾನ. ಅವಧಿ: 40 ನಿಮಿಷ.

ಉದ್ದೇಶ: ಕೊಕ್ಕೆಹುಳುವಿನ ಜೀವನಚಕ್ರವನ್ನು ರಕ್ತಹೀನತೆಗೆ ಸಂಬಂಧಿಸುವುದು.

ಪೀಠಿಕೆ: "ಶಾಲೆಯಲ್ಲಿ ಜಂತುಹುಳು ಮಾತ್ರೆ ಏಕೆ ಕೊಡುತ್ತಾರೆ?" ಎಂದು ಕೇಳಿದೆ. "ಹೊಟ್ಟೆನೋವಿಗೆ" ಎಂಬುದೇ ಹೆಚ್ಚಿನವರ ಉತ್ತರ. ಆದರೆ ಈ ಹುಳು ನೋವಿಲ್ಲದೆಯೂ ವರ್ಷಗಟ್ಟಲೆ ಹಾನಿ ಮಾಡಬಲ್ಲದು. ಪಾಠವನ್ನು ಅಲ್ಲಿಂದಲೇ ಬೆಳೆಸಿದೆ.

ಬೋಧನೆ: ಕಪ್ಪುಹಲಗೆಯ ಮೇಲೆ ಜೀವನಚಕ್ರ ಬರೆದೆ. ಮಲದೊಡನೆ ಮಣ್ಣಿಗೆ ಬಿದ್ದ ಮೊಟ್ಟೆ ಒಂದೆರಡು ದಿನದಲ್ಲಿ ಒಡೆಯುತ್ತದೆ; 5ರಿಂದ 10 ದಿನಗಳಲ್ಲಿ ಲಾರ್ವಾ ಸೋಂಕು ತರುವ ಹಂತ ಮುಟ್ಟುತ್ತದೆ. ಅದು ಬರಿಗಾಲಿನ ಚರ್ಮ ಕೊರೆದು, ರಕ್ತದ ಮೂಲಕ ಶ್ವಾಸಕೋಶ ಸೇರಿ, ಗಂಟಲಿಗೆ ಏರಿ, ನುಂಗಿದಾಗ ಸಣ್ಣಕರುಳಿಗೆ ಇಳಿಯುತ್ತದೆ. ಅಲ್ಲಿ ಕಚ್ಚಿಕೊಂಡು ರಕ್ತ ಹೀರುತ್ತದೆ. ಕಬ್ಬಿಣಾಂಶ ಕುಗ್ಗಿ ರಕ್ತಹೀನತೆಯಾದರೆ ಮಕ್ಕಳ ಬೆಳವಣಿಗೆ, ಕಲಿಕೆ ಎರಡೂ ಹಿಂದೆ ಬೀಳುತ್ತವೆ.

ಚಟುವಟಿಕೆ: "ಚನ್ನಗಿರಿಯ ಅಡಿಕೆ ತೋಟ, ಹೊನ್ನಾಳಿ, ನ್ಯಾಮತಿಯ ಗದ್ದೆ ಬದು, ಜಗಳೂರಿನ ಒಣ ಹೊಲ: ಲಾರ್ವಾ ಎಲ್ಲಿ ಹೆಚ್ಚು ದಿನ ಬದುಕೀತು?" ಗುಂಪುಗಳು ನೆರಳು, ತೇವ ಇರುವ ತೋಟವನ್ನು ಆರಿಸಿದವು. "ಜಗಳೂರಲ್ಲೂ ನಲ್ಲಿ ಪಕ್ಕ ಹಸಿ ಇರುತ್ತಲ್ಲ ಸಾರ್?" ಎಂದಳು ಒಬ್ಬ ವಿದ್ಯಾರ್ಥಿನಿ. ಊರಿನ ಹೆಸರಿಗಿಂತ ಮಣ್ಣಿನ ಸ್ಥಿತಿ ಮುಖ್ಯವೆಂಬುದು ಇಡೀ ತರಗತಿಗೆ ಮನವರಿಕೆಯಾಯಿತು.

ಮೌಲ್ಯಮಾಪನ: "ಮಾತ್ರೆ ನುಂಗಿದ ಮೇಲೂ ಚಪ್ಪಲಿ ಏಕೆ ಬೇಕು?" 2015ರಲ್ಲಿ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಕೊಡುವ 400 ಮಿ.ಗ್ರಾಂ. ಅಲ್ಬೆಂಡಜೋಲ್ ಕರುಳಿನ ಹುಳುವನ್ನು ಕೊಲ್ಲುತ್ತದೆ, ಮಣ್ಣಿನ ಲಾರ್ವಾವನ್ನಲ್ಲ. ಶೌಚಾಲಯ, ಚಪ್ಪಲಿ ಬಳಸದಿದ್ದರೆ ಸೋಂಕು ಮರುಕಳಿಸುತ್ತದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ: ಯಾರಿಗೆ ಹುಳುವಿದೆ ಎಂದು ತರಗತಿಯಲ್ಲಿ ಕೇಳುವುದು ಬೇಡ. ಮಂಕಾಗಿ ಕೂರುವ ಮಗುವನ್ನು ಸೋಮಾರಿ ಎನ್ನುವ ಮೊದಲು ರಕ್ತಹೀನತೆ ಇರಬಹುದೇ ಎಂದು ಯೋಚಿಸೋಣ. ಪೋಷಕರೊಡನೆ ಮಾತನಾಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸೋಣ.