ಸಮಾಜಕಾರ್ಯಕರ್ತರ ತಪ್ಪನ್ನು ವಿಚಾರಿಸುವವರು ಯಾರು?

ವಕೀಲರು ತಮ್ಮ ಕಕ್ಷಿಗಾರನಿಗೆ ದ್ರೋಹ ಬಗೆದರೆ ಅದನ್ನು ವಿಚಾರಿಸಲು ವಕೀಲರದೇ ಒಂದು ಪರಿಷತ್ತು ಉಂಟು. ವೈದ್ಯರು ವೃತ್ತಿಧರ್ಮವನ್ನು ಮೀರಿ ನಡೆದರೆ ಕೇಳಲು ವೈದ್ಯರದೇ ಒಂದು ಪರಿಷತ್ತು ಉಂಟು. ಹೀಗಿರಲಾಗಿ, ಬಡವರ ಮನೆಯ ಹೊಸ್ತಿಲು ದಾಟಿ ಒಳಗೆ ಹೋಗಿ, ಅವರ ಕಷ್ಟಸುಖಗಳನ್ನು ಕೇಳಿ, ಪುಸ್ತಕದಲ್ಲಿ ಬರೆದುಕೊಂಡು ಬರುವ ಸಮಾಜಕಾರ್ಯಕರ್ತರು ತಪ್ಪಿ ನಡೆದರೆ ಅವರನ್ನು ಕೇಳುವವರು ಯಾರು? ಈ ಪ್ರಶ್ನೆ ನನಗೆ ತರಗತಿಯಲ್ಲಿ ಹುಟ್ಟಿದ್ದಲ್ಲ. ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ನಮ್ಮ ದೊಡ್ಡಮ್ಮನ ಮನೆಯ ಜಗಲಿಯ ಮೇಲೆ ಹುಟ್ಟಿದ್ದು. ಆದಕಾರಣ ಅಲ್ಲಿಂದಲೇ ಪ್ರಾರಂಭಿಸುತ್ತೇನೆ.

ದೊಡ್ಡಮ್ಮ ಹೆಂಗಸರ ಸಂಘವೊಂದರ ಸದಸ್ಯೆ. ಒಂದು ಸಂಸ್ಥೆಯ ಕಾರ್ಯಕರ್ತೆ ವಾರಕ್ಕೊಮ್ಮೆ ಬಂದು ಸಂಘದ ಲೆಕ್ಕ ನೋಡಿ, ಮನೆಮನೆಗೂ ಹೋಗಿ ಮಾತನಾಡಿಸಿ ಹೋಗುತ್ತಿದ್ದಳು. ಸಂಸ್ಥೆಯ ಹೆಸರೂ ಆಕೆಯ ಹೆಸರೂ ಇಲ್ಲಿ ಬೇಡ. ಒಂದು ದಿನ ದೊಡ್ಡಮ್ಮ, ದೊಡ್ಡಪ್ಪನ ಕುಡಿತದ ವಿಚಾರವನ್ನೂ, ತಾನು ತಾಳಿಯ ಗುಂಡುಗಳನ್ನು ಅಡವಿಟ್ಟು ಸಂಘದ ಕಂತು ಕಟ್ಟಿದ ವಿಚಾರವನ್ನೂ ಆಕೆಯೊಡನೆ ಹೇಳಿಕೊಂಡು ಅತ್ತಳು. ಮುಂದಿನ ವಾರದ ಸಭೆಯಲ್ಲಿ ಆ ಕಾರ್ಯಕರ್ತೆ ಕುಡಿತದ ಕೇಡನ್ನು ವಿವರಿಸುತ್ತಾ, "ನಿಮ್ಮಲ್ಲೇ ಒಬ್ಬರ ಸಂಗತಿ ಕೇಳಿ" ಎಂದು ಅದನ್ನೇ ದೃಷ್ಟಾಂತವಾಗಿ ಹೇಳಿಬಿಟ್ಟಳು. ಹೆಸರು ಹೇಳಲಿಲ್ಲ, ನಿಜ. ಆದರೆ ಎಂಬತ್ತು ಮನೆಗಳ ಊರಿನಲ್ಲಿ ಹೆಸರು ಹೇಳುವ ಅಗತ್ಯವಾದರೂ ಏನಿದೆ? ಸಂಜೆಯ ಹೊತ್ತಿಗೆ ಸುದ್ದಿ ದೊಡ್ಡಪ್ಪನ ಕಿವಿಗೆ ಬಿತ್ತು. ಆ ರಾತ್ರಿಯ ಸಂಗತಿಯನ್ನು ಬರೆಯಲಾರೆ. ದೊಡ್ಡಮ್ಮ ಅಂದಿನಿಂದ ಸಂಘಕ್ಕೆ ಹೋಗಲಿಲ್ಲ.

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನಾನೊಬ್ಬರೇ ಆದುದರಿಂದ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. "ಏನೆಂದು ಬರೆಯಲಿ, ದೊಡ್ಡಮ್ಮ? ಕೆಲಸದಿಂದ ತೆಗೆಯಬೇಕೆಂದು ಬರೆಯಲೇ?" ಎಂದು ಕೇಳಿದೆ. "ಅಯ್ಯೋ, ಬ್ಯಾಡ ಮಗಾ. ಆ ಹುಡುಗಿ ಅನ್ನಕ್ಕೆ ಕಲ್ಲು ಹಾಕಬ್ಯಾಡ. ಒಬ್ಬರು ನಂಬಿ ಹೇಳಿದ ಮಾತನ್ನ ನಾಲ್ಕು ಜನದ ಮುಂದೆ ಆಡಬಾರದು ಅಂತ ತಿಳಿದವರು ಯಾರಾದರೂ ಅವಳಿಗೆ ಹೇಳಲಿ, ಸಾಕು" ಎಂದಳು. ಅರ್ಜಿ ಪಂಚಾಯಿತಿಗೆ ಹೋಯಿತು. ಇದು ನಮಗೆ ಸೇರಿದ್ದಲ್ಲ ಎಂದರು. ಠಾಣೆಗೆ ಹೋಯಿತು, ಇದರಲ್ಲಿ ಅಪರಾಧವೇನಿದೆ ಎಂದು ಕೇಳಿದರು. ಕಡೆಗೆ ಆ ಸಂಸ್ಥೆಗೇ ಕೊಟ್ಟೆವು. ಆ ಕಾರ್ಯಕರ್ತೆ ಹತ್ತಾರು ಸಂಘ ಕಟ್ಟಿದವಳು, ಒಳ್ಳೆಯವಳು ಎಂದು ಅಲ್ಲಿಯ ಹಿರಿಯರು ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದರು. ಹೆತ್ತವರಿಗೆ ಹೆಗ್ಗಣ ಮುದ್ದು!

ಈಗ ಯೋಚಿಸಿದರೆ, ಪೊಲೀಸರ ಮಾತು ತಪ್ಪೆಂದು ನನಗೆ ತೋರುವುದಿಲ್ಲ. ಕಾನೂನನ್ನು ಮುರಿಯುವುದು ಬೇರೆ, ವೃತ್ತಿನೀತಿಯನ್ನು ಮುರಿಯುವುದು ಬೇರೆ. ಕಳವು, ಹೊಡೆತ, ಹಣದ ದುರುಪಯೋಗ ಇವಕ್ಕೆ ನ್ಯಾಯಾಲಯವಿದೆ. ಆದರೆ ನಂಬಿ ಹೇಳಿದ ಮಾತನ್ನು ಒಳ್ಳೆಯ ಉದ್ದೇಶದಿಂದಲೇ ಹೊರಗೆಡಹಿದ್ದು ತಪ್ಪೇ, ತಪ್ಪಾದರೆ ಎಷ್ಟು ತಪ್ಪು, ಆ ಸ್ಥಳದಲ್ಲಿ ಮತ್ತೊಬ್ಬ ಜಾಣ ಕಾರ್ಯಕರ್ತೆ ಇದ್ದಿದ್ದರೆ ಏನು ಮಾಡುತ್ತಿದ್ದಳು ಎಂಬುದನ್ನು ತೂಗಿ ಹೇಳಬಲ್ಲವರು ಅದೇ ಕೆಲಸವನ್ನು ಮಾಡಿ ಬೆವರಿಳಿಸಿದವರು ಮಾತ್ರ. ಸಮವೃತ್ತಿಯವರ ವಿಚಾರಣೆ ಎಂದರೆ ಇದೇ. ದೊಡ್ಡಮ್ಮ ಬಯಸಿದ್ದು, ಹೆಸರು ತಿಳಿಯದಿದ್ದರೂ, ಇದನ್ನೇ.

ವಕೀಲರಲ್ಲಿ ಈ ಏರ್ಪಾಟು ಬಹಳ ಗಟ್ಟಿಯಾಗಿದೆ. ೧೯೬೧ರ ವಕೀಲರ ಕಾಯ್ದೆಯಂತೆ ರಾಜ್ಯದ ವಕೀಲರ ಪರಿಷತ್ತಿಗೆ ಶಿಸ್ತು ಸಮಿತಿ ಇರಬೇಕು, ಅದರಲ್ಲಿ ಮೂವರು. ಇಬ್ಬರು ಪರಿಷತ್ತಿನ ಸದಸ್ಯರು, ಮೂರನೆಯವರು ಪರಿಷತ್ತಿನ ಹೊರಗಿನ ಅನುಭವಸ್ಥ ವಕೀಲರು. ದೂರನ್ನು ವಜಾಮಾಡಬಹುದು, ಛೀಮಾರಿ ಹಾಕಬಹುದು, ಕೆಲವು ಕಾಲ ವೃತ್ತಿಯಿಂದ ತಡೆಹಿಡಿಯಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆದುಹಾಕಬಹುದು. ಒಂದು ವರ್ಷದೊಳಗೆ ಇತ್ಯರ್ಥವಾಗದಿದ್ದರೆ ದೂರು ಭಾರತ ವಕೀಲರ ಪರಿಷತ್ತಿಗೆ ಹೋಗುತ್ತದೆ. ತೀರ್ಪು ಒಪ್ಪಿಗೆಯಾಗದವರು ಅಲ್ಲಿಗೆ ಮೇಲ್ಮನವಿ ಮಾಡಿಕೊಳ್ಳಬಹುದು, ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಹೋಗಬಹುದು. ವೈದ್ಯರ ವಿಷಯದಲ್ಲಿ ೨೦೦೨ರ ವೃತ್ತಿನಡತೆಯ ನಿಯಮಗಳು ದೂರಿನ ತೀರ್ಮಾನಕ್ಕೆ ಆರು ತಿಂಗಳ ಗಡುವನ್ನು ಹಾಕಿದವು. ಗಡುವುಗಳು ನಡೆಯಲ್ಲಿ ಪಾಲನೆಯಾಗುವುವೇ ಎಂಬುದು ಬೇರೆ ಮಾತು, ಗಡುವೆಂಬುದೊಂದು ಇದೆಯಲ್ಲ!

ಸಮಾಜಕಾರ್ಯಕ್ಕೆ ಬರೋಣ. ೧೯೧೫ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಸಮ್ಮೇಳನದಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಎಂಬ ವಿದ್ವಾಂಸರು, ಸಮಾಜಕಾರ್ಯವು ಒಂದು ವೃತ್ತಿಯೇ ಎಂಬ ಪ್ರಶ್ನೆಯನ್ನೆತ್ತಿದರು. ಇನ್ನೂ ಅಲ್ಲ ಎಂಬುದೇ ಅವರ ಉತ್ತರವಾಗಿತ್ತು. ನಮ್ಮ ದೇಶದಲ್ಲಿ ಈ ವಿಷಯದ ಮೊದಲ ವಿದ್ಯಾಲಯ ಮುಂಬಯಿಯಲ್ಲಿ ೧೯೩೬ರಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನಲ್ಲಿ ತೆರೆಯಿತು. ಅದೇ ಇಂದಿನ ಟಾಟಾ ಸಮಾಜವಿಜ್ಞಾನ ಸಂಸ್ಥೆ. ನಮ್ಮ ಮಂಗಳೂರಿನ ರೋಶನಿ ನಿಲಯ ೧೯೬೦ರಲ್ಲಿ ಪ್ರಾರಂಭವಾಯಿತು. ೧೯೯೭ರಲ್ಲಿ ಟಾಟಾ ಸಂಸ್ಥೆಯ ಅಧ್ಯಾಪಕರ ವೇದಿಕೆಯೊಂದು ವೃತ್ತಿನಿರತ ಸಮಾಜಕಾರ್ಯಕರ್ತರ ನೀತಿಯ ಘೋಷಣೆಯನ್ನು ಹೊರಡಿಸಿತು. ಘೋಷಣೆ ಉತ್ತಮವಾದದ್ದೇ. ಆದರೆ ಅದು ಘೋಷಣೆ. ಮೀರಿದವರನ್ನು ಕರೆದು ಕೇಳುವ ಮಂಡಲಿಯಲ್ಲ. ವಕೀಲರಿಗೂ ವೈದ್ಯರಿಗೂ ಇರುವಂತೆ ಎಲ್ಲ ಸಮಾಜಕಾರ್ಯಕರ್ತರನ್ನೂ ನೋಂದಾಯಿಸಿ ವಿಚಾರಿಸುವ ಪರಿಷತ್ತು ಭಾರತದಲ್ಲಿಲ್ಲ. ೨೦೧೭ರ ಮಾನಸಿಕ ಆರೋಗ್ಯ ಕಾಯ್ದೆ ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ರಾಜ್ಯ ಪ್ರಾಧಿಕಾರದಲ್ಲಿ ನೋಂದಾಯಿಸಬೇಕೆಂದಿತು. ೨೦೨೧ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆಯ ಪಟ್ಟಿಯಲ್ಲಿ ಆಸ್ಪತ್ರೆಯ ಸಮಾಜಕಾರ್ಯಕರ್ತರೂ ಸೇರಿದ್ದಾರೆ. ಅಂದರೆ ಆಸ್ಪತ್ರೆಯೊಳಗಿನವರಿಗೆ ಒಂದು ಚೌಕಟ್ಟು ಬಂದಿದೆ. ಹೊಸದುರ್ಗದ ಹಟ್ಟಿಗೆ ಸೈಕಲ್ ತುಳಿದುಕೊಂಡು ಹೋಗುವವರಿಗೆ ಇಲ್ಲ.

ಇಲ್ಲೊಂದು ವಿಚಿತ್ರವಿದೆ. ೨೦೧೫ರ ಬಾಲನ್ಯಾಯ ಕಾಯ್ದೆಯಂತೆ ಬಾಲನ್ಯಾಯ ಮಂಡಲಿಯಲ್ಲಿ ಮ್ಯಾಜಿಸ್ಟ್ರೇಟರ ಜೊತೆ ಇಬ್ಬರು ಸಮಾಜಕಾರ್ಯಕರ್ತರು ಕೂರುತ್ತಾರೆ. ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಅವರು ಅಧಿಕಾರವನ್ನು ದುರುಪಯೋಗಪಡಿಸಿಕೊಂಡರೆ, ಅಥವಾ ಕಾರಣವಿಲ್ಲದೆ ಮೂರು ತಿಂಗಳು ಸತತವಾಗಿ ಕಲಾಪಕ್ಕೆ ಬಾರದಿದ್ದರೆ, ಸರ್ಕಾರ ವಿಚಾರಣೆ ನಡೆಸಿ ತೆಗೆಯಬಹುದು. ಹೀಗೆ ಮೇಲಿನ ಕುರ್ಚಿಯಲ್ಲಿ ಕುಳಿತ ಸಮಾಜಕಾರ್ಯಕರ್ತನಿಗೆ ಕೇಳುವವರುಂಟು. ಜಗಲಿಯ ಮೇಲೆ ಕುಳಿತವರಿಗೆ ಇಲ್ಲ. ಜನರ ಗುಟ್ಟು ಹೆಚ್ಚಾಗಿ ಬಿಚ್ಚಿಕೊಳ್ಳುವುದು ಜಗಲಿಯ ಮೇಲೆ ಅಲ್ಲವೇ?

ಹೊರದೇಶಗಳಲ್ಲಿ ಏನು ಮಾಡಿದ್ದಾರೆ? ಅಮೆರಿಕದಲ್ಲಿ ೧೯೫೫ರಲ್ಲಿ ಏಳು ಸಂಘಗಳು ಕೂಡಿ ಸಮಾಜಕಾರ್ಯಕರ್ತರ ರಾಷ್ಟ್ರೀಯ ಸಂಘವಾಯಿತು; ೧೯೬೦ರಲ್ಲಿ ಅದು ನೀತಿಸಂಹಿತೆಯನ್ನು ಅಂಗೀಕರಿಸಿತು. ಸದಸ್ಯರ ಮೇಲೆ ದೂರು ಬಂದರೆ ಸಮವೃತ್ತಿಯವರೇ ಅದನ್ನು ಪರಿಶೀಲಿಸುತ್ತಾರೆ. ಎರಡು ದಾರಿಗಳಿವೆ: ಇಬ್ಬರನ್ನೂ ಕೂರಿಸಿ ಮಧ್ಯಸ್ಥಿಕೆ ಮಾಡುವುದು, ಇಲ್ಲವೇ ಸಾಕ್ಷ್ಯ ಕೇಳಿ ತೀರ್ಮಾನಿಸುವುದು. ಹಿರಿಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವಂತೆ ವಿಧಿಸುವುದು ಮೊದಲಾದ ತಿದ್ದುವ ಕ್ರಮಗಳೂ ಅಲ್ಲಿವೆ. ಎಲ್ಲಕ್ಕಿಂತ ಹೆಚ್ಚಿನ ಶಿಕ್ಷೆಯೆಂದರೆ ಸದಸ್ಯತ್ವವನ್ನು ಕಳೆಯುವುದು. ಇದರ ದೌರ್ಬಲ್ಯವೂ ಇಲ್ಲೇ ಇದೆ: ಸಂಘಕ್ಕೆ ಸೇರದವರ ಮೇಲೆ ಸಂಘಕ್ಕೇನೂ ಅಧಿಕಾರವಿಲ್ಲ. ಇಂಗ್ಲೆಂಡಿನಲ್ಲಿ ಬೇರೆ ದಾರಿ ಹಿಡಿದರು. ೨೦೦೫ರ ಏಪ್ರಿಲಿನಿಂದ ನೋಂದಣಿಯಿಲ್ಲದವರು ತಮ್ಮನ್ನು ಸಮಾಜಕಾರ್ಯಕರ್ತರೆಂದು ಕರೆದುಕೊಳ್ಳುವುದೇ ಅಲ್ಲಿ ಕಾನೂನಿಗೆ ವಿರುದ್ಧ. ೨೦೧೯ರ ಡಿಸೆಂಬರಿನಿಂದ ಈ ಕೆಲಸಕ್ಕೇ ಮೀಸಲಾದ ಒಂದು ಪ್ರತ್ಯೇಕ ಸಂಸ್ಥೆಯಿದೆ. ವಿಚಾರಣೆಗೆ ವೃತ್ತಿಯವರೊಡನೆ ವೃತ್ತಿಗೆ ಸೇರದ ಸಾಮಾನ್ಯರೂ ಕೂರುತ್ತಾರೆ. ಈ ಕಡೆಯ ಅಂಶವನ್ನು ನಾನು ಮುಖ್ಯವೆಂದು ಎಣಿಸುತ್ತೇನೆ. ಅದರ ಕಾರಣ ನಮ್ಮ ಜಿಲ್ಲೆಯಲ್ಲೇ ಇದೆ.

ಸಮಾನರು ಸೇರಿ ಸಮಾನನನ್ನು ವಿಚಾರಿಸುವುದು ಚಿತ್ರದುರ್ಗದ ಸೀಮೆಗೆ ಹೊಸದೇನಲ್ಲ. ಕಾಡುಗೊಲ್ಲರಲ್ಲಿಯೂ ಮ್ಯಾಸನಾಯಕರಲ್ಲಿಯೂ ಕಟ್ಟೆಮನೆ ಎಂಬ ವ್ಯವಸ್ಥೆ ಹಿಂದಿನಿಂದ ಬಂದಿದೆ. ಕುಲದ ಹಿರಿಯರು ಕೂಡಿ, ಎರಡೂ ಕಡೆಯ ಮಾತು ಕೇಳಿ, ತಪ್ಪಿದ್ದರೆ ಕಾಣಿಕೆ ಹಾಕಿ ಮುಗಿಸುತ್ತಿದ್ದರು. ಕೋರ್ಟಿಗೆ ಅಲೆಯುವ ಖರ್ಚಿಲ್ಲ, ಭಾಷೆ ತಿಳಿಯದೆಂಬ ಭಯವಿಲ್ಲ. ಇದು ಅದರ ಗುಣ. ಆದರೆ ಕುಲದಿಂದ ಹೊರಗಿಡುವಂಥ ಕಠೋರ ಶಿಕ್ಷೆಯೂ ಇಂಥ ಪಂಚಾಯಿತಿಗಳಲ್ಲಿತ್ತು. ನ್ಯಾಯ ಹೇಳುವವರೂ ಹೇಳಿಸಿಕೊಳ್ಳುವವರೂ ಬಂಧುಗಳೇ. ಹೆಂಗಸಿನ ದೂರನ್ನು ಗಂಡಸರೇ ತೀರ್ಮಾನಿಸುತ್ತಿದ್ದರು. ಸಮವೃತ್ತಿಯವರ ವಿಚಾರಣೆಯಲ್ಲಿಯೂ ಈ ರೋಗ ಬಾರದೆಂದು ಹೇಳುವಂತಿಲ್ಲ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಕಾರ್ಯಕರ್ತರು ಒಂದೇ ತರಬೇತಿಯಲ್ಲಿ ಜೊತೆಯಾಗಿ ಊಟ ಮಾಡಿದವರು. ಇಂದು ಈ ಸಂಸ್ಥೆ, ನಾಳೆ ಆ ಸಂಸ್ಥೆಯೆಂದು ಕೆಲಸ ಹುಡುಕುವವರು. ನಾಳೆ ತನ್ನ ಮೇಲಧಿಕಾರಿಯಾಗಬಹುದಾದವರ ಮೇಲೆ ಇಂದು ತಪ್ಪು ಹೊರಿಸುವ ಧೈರ್ಯ ಎಷ್ಟು ಜನಕ್ಕೆ ಬಂದೀತು?

ಆದ್ದರಿಂದ ನನ್ನ ಅಲ್ಪಮತಿಗೆ ತೋರುವುದು ಹೀಗೆ. ಈ ನಾಲ್ಕು ತಾಲ್ಲೂಕುಗಳ ಸಂಸ್ಥೆಗಳು, ಕಾನೂನು ಬರುವವರೆಗೆ ಕಾಯದೆ, ತಾವಾಗಿಯೇ ಒಂದು ವಿಚಾರಣಾ ಮಂಡಲಿಯನ್ನು ಒಪ್ಪಿಕೊಳ್ಳಬಹುದು. ಹೊಳಲ್ಕೆರೆಯ ದೂರನ್ನು ಹೊಳಲ್ಕೆರೆಯವರು ಕೇಳಕೂಡದು. ಹಿರಿಯೂರಿನ ಒಬ್ಬರು, ಹೊಸದುರ್ಗದ ಒಬ್ಬರು ಕೂಡಲಿ. ಮೂರನೆಯವರು ಸಮಾಜಕಾರ್ಯಕ್ಕೆ ಸೇರದವರು, ಆದಷ್ಟು ಮಟ್ಟಿಗೆ ಹೆಂಗಸು, ಯಾವುದಾದರೂ ಸಂಘದ ಸದಸ್ಯೆಯೇ ಆಗಿದ್ದರೆ ಇನ್ನೂ ಮೇಲು. ಅರ್ಜಿ ಬರೆಯಲಾರದವರ ಮಾತನ್ನು ಮಂಡಲಿಯವರೇ ಬರೆದುಕೊಳ್ಳಬೇಕು. ಇದು ನನ್ನ ಹೊಸ ಶೋಧನೆಯಲ್ಲ. ಕೆಲಸದ ಸ್ಥಳದಲ್ಲಿನ ಲೈಂಗಿಕ ಕಿರುಕುಳವನ್ನು ತಡೆಯುವ ೨೦೧೩ರ ಕಾಯ್ದೆಯ ಒಂಬತ್ತನೆಯ ಕಲಮಿನಲ್ಲಿ, ಬರೆದು ಕೊಡಲಾರದ ಮಹಿಳೆಗೆ ಸಮಿತಿಯವರೇ ನೆರವಾಗಬೇಕೆಂದಿದೆ. ನಮ್ಮ ದೊಡ್ಡಮ್ಮನ ಮನೆಯಲ್ಲಿ ಬಿ.ಎ. ಓದುವವರೊಬ್ಬರು ಇದ್ದರು. ಇಲ್ಲದ ಮನೆಗಳ ಗತಿಯೇನು?

ಕಾರ್ಯಕರ್ತೆಯ ಪಕ್ಷದಿಂದಲೂ ಒಂದು ಮಾತು ಹೇಳಬೇಕು. ನಮ್ಮ ಕಡೆ ಎಳೆಯ ಹುಡುಗಿಯ ಮದುವೆಯನ್ನು ನಿಲ್ಲಿಸಲು ಹೋದ ಕಾರ್ಯಕರ್ತೆಯ ಮೇಲೆ ಆ ಮನೆಯವರೇ, "ನಮ್ಮ ಮನೆತನಕ್ಕೆ ಕೈ ಹಾಕಿದಳು, ಗುಟ್ಟನ್ನು ಅಧಿಕಾರಿಗಳಿಗೆ ಹೇಳಿದಳು" ಎಂದು ದೂರು ತರಬಹುದು. ೨೦೦೬ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಆಕೆ ಮಾಡಿದ್ದು ಸರಿ. ದೊಡ್ಡಮ್ಮನ ವಿಷಯದಲ್ಲಿಯೂ ಗುಟ್ಟು ಹೊರಬಿತ್ತು, ಇಲ್ಲಿಯೂ ಹೊರಬಿತ್ತು. ಒಂದು ತಪ್ಪು, ಇನ್ನೊಂದು ಕರ್ತವ್ಯ. ಮಗುವಿಗೆ ಅಪಾಯವಿರುವಾಗ ಮೌನವೇ ತಪ್ಪಾಗುತ್ತದೆ. ಈ ಭೇದವನ್ನು ಊರಿನ ದೊಡ್ಡ ಮನುಷ್ಯರ ಮುಂದಿಟ್ಟರೆ ಆ ಬಡ ಹುಡುಗಿಯ ಕೆಲಸವೇ ಹೋದೀತು. ಸಮವೃತ್ತಿಯವರ ಮುಂದಿಟ್ಟರೆ ಅರೆಗಳಿಗೆಯಲ್ಲಿ ತಿಳಿಯುತ್ತದೆ. ತಪ್ಪು ಮಾಡಿದವರನ್ನು ತಿದ್ದುವುದಕ್ಕೆ ಎಷ್ಟು ಬೇಕೋ, ತಪ್ಪು ಮಾಡದವರನ್ನು ಕಾಪಾಡುವುದಕ್ಕೂ ಈ ಮಂಡಲಿ ಅಷ್ಟೇ ಬೇಕು. ದೂರಿನ ಪ್ರತಿ ಆಕೆಗೆ ಮೊದಲೇ ಸಿಗಬೇಕು, ಉತ್ತರ ಹೇಳಲು ಕಾಲಾವಕಾಶ ಸಿಗಬೇಕು. ವಿಚಾರಣೆ ಗುಟ್ಟಾಗಿ ನಡೆಯಬೇಕು. ಗುಟ್ಟು ಹೊರಬಿದ್ದ ದೂರನ್ನು ಡಂಗುರ ಹೊಡೆದು ವಿಚಾರಿಸಿದರೆ ಹಾಸ್ಯಾಸ್ಪದವಲ್ಲವೇ!

ಇದಕ್ಕೆ ಸಹಿ ಹಾಕಬೇಕಾದ ಸಂಸ್ಥೆಗಳೇ ಸಹಿ ಹಾಕದಿದ್ದರೆ? ಈ ಆಕ್ಷೇಪಣೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಯಾವ ಸಂಸ್ಥೆ ಒಪ್ಪಿದೆ, ಯಾವುದು ಒಪ್ಪಿಲ್ಲ ಎಂಬುದನ್ನು ಪ್ರತಿ ಪಂಚಾಯಿತಿಯ ಗೋಡೆಗೆ ಅಂಟಿಸಿದರೆ ಸ್ವಲ್ಪ ನಾಚಿಕೆಯಾದರೂ ಹುಟ್ಟೀತು.

ಈ ಲೇಖನದ ಕರಡನ್ನು ರಜೆಯಲ್ಲಿ ದೊಡ್ಡಮ್ಮನಿಗೆ ಓದಿ ಹೇಳಿದೆ. ವಕೀಲರ ಪರಿಷತ್ತು, ಇಂಗ್ಲೆಂಡು ಎಲ್ಲವನ್ನೂ ಸುಮ್ಮನೆ ಕೇಳಿದಳು. ಮಂಡಲಿ ಚಿತ್ರದುರ್ಗದಲ್ಲಿ ಸೇರಬೇಕೆಂದು ನಾನು ಬರೆದಿದ್ದೆ. ಅಲ್ಲಿ ತಡೆದಳು. "ದುರ್ಗಕ್ಕೆ ಹೋದರೆ ಒಂದು ದಿನದ ಕೂಲಿ ಹೋಯ್ತು. ಬಸ್ಸಿಗೇನೋ ಕಾಸಿಲ್ಲ, ಕೂಲಿ ಯಾರು ಕೊಡ್ತಾರೆ? ಹೊಳಲ್ಕೆರೆ ಸಂತೆ ದಿನ ಇಟ್ಟರೆ ಹೆಂಗೂ ಬರ್ತೀನಿ ನೋಡು. ಆ ಹುಡುಗೀನೂ ಸಂತೆಗೆ ಬರ್ತಾಳೆ." ಆ ಸಾಲನ್ನು ಹೊಡೆದುಹಾಕಿ, ಸಂತೆಯ ದಿನ, ಆಯಾ ತಾಲ್ಲೂಕಿನ ಊರಿನಲ್ಲೇ, ಎಂದು ತಿದ್ದಿದ್ದೇನೆ.